ಬತ್ತೀನಿ ಅನ್ನಬಾರದ ಮನೆ

ನಾಗಮಂಗಲದ ಈ ಮುದುಕರ ಹಟ್ಟಿಗೆ ಹೊಸದಾಗಿ ಕೆಲಸಕ್ಕೆ ಸೇರುವವರನ್ನು ಈಗಲೂ ಮೊದಲು ನನ್ನ ಹತ್ತಿರ ಕಳಿಸುತ್ತಾರೆ. ನಾನು ಕೆಲಸ ಬಿಟ್ಟು ಜಗಲಿ ಹಿಡಿದು ಬಹಳ ಕಾಲವಾಯಿತು. ಬಂದವರು ಎದುರಿಗೆ ಕೂತು, ಸ್ವಲ್ಪ ಹೊತ್ತು ಸುತ್ತಿ ಬಳಸಿ ಮಾತಾಡಿ, ಕೊನೆಗೆ ಕೇಳುವುದು ಒಂದೇ: "ಏಸಿಗೆ ಆಗಾಕಿಲ್ವಾ ತಾತ?" ಹೇಸಿಗೆ ಆಗುತ್ತದೆ ಎನ್ನುತ್ತೇನೆ. ಮೊದಮೊದಲು ಊಟ ಸೇರುವುದಿಲ್ಲ, ಕೈಗೆ ಎಷ್ಟು ಬೂದಿ ಉಜ್ಜಿಕೊಂಡರೂ ವಾಸನೆ ಹೋಗಿಲ್ಲವೆಂದೇ ಅನ್ನಿಸುತ್ತದೆ. ಆಮೇಲೆ ಮೂಗು ಸುಮ್ಮನಾಗುತ್ತದೆ. ಈ ಕೆಲಸದಲ್ಲಿ ತಡವಾಗಿ ಕಲಿಯುವುದು ನಾಲಿಗೆ. ನನ್ನ ನಾಲಿಗೆ ಹೇಗೆ ಕಲಿಯಿತು, ಕಲಿತದ್ದನ್ನು ಒಂದು ಸಲ ಹೇಗೆ ಮೀರಿತು ಎಂಬುದನ್ನು ಬರೆದಿಡುತ್ತೇನೆ. ಉಳಿದದ್ದನ್ನು ನೀವೇ ಮಾಡಿ ಕಲಿಯುತ್ತೀರಿ.

ನಾನು ಬಡಗಿಗಳ ಮನೆಯವನು. ಹುಟ್ಟಿದ್ದು ಇದೇ ಊರಿನಲ್ಲಿ. ಅಪ್ಪ ಬಾಗಿಲುವಾಡದ, ಅಂದರೆ ಬಾಗಿಲ ಚೌಕಟ್ಟಿನ, ಕೆಲಸಕ್ಕೆ ಹೆಸರಾದವನು. ಸುತ್ತಮುತ್ತ ಯಾರು ಮನೆ ಕಟ್ಟಿದರೂ ಹೊಸಿಲು ಇಡಲು ಅವನನ್ನೇ ಕರೆಯುತ್ತಿದ್ದರು. "ಒಂದ್ಸಲ ಕೂರ್ಸಿದ್ ಹೊಸ್ಲ, ಮನೆ ನಿಂತಿರೋಗಂಟ ಕೀಳ್ಬಾರ್ದು ಕಣ್ಲಾ. ಅಂಗೇನಾರ ಕಿತ್ರೆ ಆ ಕೈಗೆ ಇನ್ನ್ಯಾವ ಕೆಲ್ಸನೂ ಅತ್ತಾಕಿಲ್ಲ" ಎಂದು ನನಗೆ ಎಚ್ಚರ ಹೇಳಿದ್ದ. ಆ ಮಾತು ಮುಂದೆ ನನ್ನನ್ನು ಬಹಳ ಕಾಡಿತು.

ದೊಡ್ಡವನಾದ ಮೇಲೆ, ಅಪ್ಪ ತೀರಿಕೊಂಡಾಗ, ಶ್ರೀರಂಗಪಟ್ಟಣಕ್ಕೆ ಹೋಗಿ ಸುಲ್ತಾನರ ತೋಪಿನ ಗಾಡಿ ಮಾಡುವ ಕೊಟ್ಟಿಗೆಯಲ್ಲಿ ಕೆಲಸಕ್ಕೆ ನಿಂತೆ. ಅಲ್ಲಿ ಒಂದು ಗಾಲಿ ಜಾರಿ ನನ್ನ ಬಲಗೈಯ ಹೆಬ್ಬೆರಳನ್ನು ತೆಗೆದುಕೊಂಡು ಹೋಯಿತು. ಹೆಬ್ಬೆರಳಿಲ್ಲದ ಕೈಯಲ್ಲಿ ಬಾಚಿ ನಿಲ್ಲುವುದಿಲ್ಲ, ಉಳಿ ಹಿಡಿದರೆ ತಿರುಗುತ್ತದೆ. ಅಕ್ಕನ ಗಂಡನ ಮನೆ ಪಟ್ಟಣದ ಹತ್ತಿರವೇ ಇತ್ತು. ಅಲ್ಲಿ ತಿಂದುಕೊಂಡು, ಮೊಳಗೋಲು ಒಂದನ್ನು ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಂಡವರ ಮನೆಯ ಕಂಬ ತೊಲೆಗಳನ್ನು ಸುಮ್ಮನೆ ಅಳೆಯುತ್ತಾ ತಿರುಗುತ್ತಿದ್ದೆ. ಜನ ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು.

ಸುಲ್ತಾನರ ಮೇಲೆ ದಂಡುಗಳು ಬಂದ ಆಗಿನ ಲಡಾಯಿ ಮುಗಿದು ಬಹಳ ದಿನವಾಗಿರಲಿಲ್ಲ. ಸುತ್ತಲ ಹಳ್ಳಿಗಳಲ್ಲಿ ಸುಟ್ಟ ಮನೆಗಳು, ಮಕ್ಕಳನ್ನು ಕಳೆದುಕೊಂಡ ಮುದುಕರು. ಎಲೆ ಅಡಿಕೆ ವ್ಯಾಪಾರದ ಶೆಟ್ಟರೊಬ್ಬರು ಕರಿಘಟ್ಟದ ಬುಡದಲ್ಲಿ, ಲೋಕಪಾವನಿ ಹೊಳೆ ಕಾವೇರಿಗೆ ಸೇರುವ ಕಡೆ, ಅಂಥವರಿಗೆಂದು ಒಂದು ತೊಟ್ಟಿಮನೆ ಬಿಟ್ಟುಕೊಟ್ಟಿದ್ದರು. ಜನರ ಬಾಯಲ್ಲಿ ಅದು ಮುದುಕರ ಹಟ್ಟಿ ಆಯಿತು. ಎತ್ತಿ ಇಳಿಸಲು ಗಟ್ಟಿ ಆಳು ಬೇಕು ಎಂದು ಕೇಳಿ ಅಕ್ಕ ನನ್ನನ್ನು ಅಲ್ಲಿಗೆ ಅಟ್ಟಿದಳು. ಮುದುಕರನ್ನು ಎತ್ತಲು ಹೆಬ್ಬೆರಳು ಬೇಕಿಲ್ಲ, ತೋಳು ಇದ್ದರೆ ಸಾಕು ಎಂದು ಅವಳ ಲೆಕ್ಕಾಚಾರ.

ಹಟ್ಟಿಯ ಯಜಮಾನಿಕೆ ಕೆಂಪಮ್ಮನದು. ಬೂಕನಕೆರೆಯ ಒಕ್ಕಲು ಮನೆಯ ಹೆಂಗಸು, ನಡುಹರೆಯ ದಾಟಿದವಳು, ಗಂಡನಿಲ್ಲ. ಅತ್ತೆ ಮಾವನನ್ನು ಕೊನೆಯವರೆಗೆ ನೋಡಿಕೊಂಡ ಅನುಭವ ಬಿಟ್ಟರೆ ಬೇರೆ ವಿದ್ಯೆ ಇಲ್ಲ. ಬೈಗುಳ ಮಾತ್ರ ಧಾರಾಳವಾಗಿತ್ತು. ನಾನು ಮೊದಲ ದಿನ ಹೋಗಿ ನಿಂತಾಗ ನನ್ನ ಕೈ ನೋಡಿದಳು, ಮುಖ ನೋಡಿದಳು, "ಮರ ಕುಯ್ದವ್ನಾ? ಇವ್ರು ಮರ ಅಲ್ಲ ಕಣ್ಲಾ, ಗ್ಯಾಪ್ಕ ಇರ್ಲಿ" ಎಂದು ಒಂದು ಮೊರ ಬೂದಿ ಕೈಗೆ ಕೊಟ್ಟು ಒಳಗೆ ಕಳಿಸಿದಳು. ನನಗೆ ಅವಮಾನವಾಯಿತು. ಅವಳು ಹೇಳಿದ್ದು ಸರಿಯೆಂದು ತಿಳಿಯಲು ಸಂಜೆಯವರೆಗೂ ಕಾಯಬೇಕಾಗಲಿಲ್ಲ.

ಹಟ್ಟಿಯಲ್ಲಿ ಹಳೆಯ ಸವಾರರೊಬ್ಬರಿದ್ದರು. ಕುದುರೆ ಮೇಲೆ ಆಯುಸ್ಸು ಕಳೆದು ಬೆನ್ನು ಬಿಲ್ಲಾಗಿದ್ದ ಮುದುಕರು. ಎಲ್ಲರೂ ಸಾಬರು ಎಂದೇ ಕರೆಯುತ್ತಿದ್ದರು. ಅವರ ಊರುಗೋಲು ನಡುವೆ ಬಾಗಿ, ಮೇಲೆ ಗಂಟುಗಂಟಾಗಿ, ನೋಡಲು ವಿಕಾರವಾಗಿತ್ತು. ಬಡಗಿಯ ಕಣ್ಣಿಗೆ ಅದು ಹಿಡಿಸುತ್ತದೆಯೇ? ಅವರು ಮಧ್ಯಾಹ್ನ ಮಲಗಿದ್ದಾಗ ಕೋಲನ್ನು ಹೊರಗೆ ಒಯ್ದು, ಎಡಗೈಯಲ್ಲಿ ಕೀಸುಳಿ ಹಿಡಿದು ಗಂಟು ತೆಗೆದೆ, ಬೆಂಕಿಗೆ ಹಿಡಿದು ಬಾಗು ತೆಗೆದೆ, ಎಣ್ಣೆ ಹಚ್ಚಿ ಮಿರಮಿರ ಮಿಂಚಿಸಿ ತಂದು ಹಾಸಿಗೆಯ ಪಕ್ಕ ಇಟ್ಟೆ. ಸಾಬರು ಎದ್ದು ಕೋಲು ಊರಿದರು, ಇಟ್ಟ ಕಾಲು ಅಲ್ಲೇ ತಡಬಡಿಸಿ ಗೋಡೆಗೆ ಒರಗಿ ಕೂತುಬಿಟ್ಟರು. ಪುಣ್ಯಕ್ಕೆ ಏಟು ಬೀಳಲಿಲ್ಲ. ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅರೆ ಬೇಟಾ, ಇದೇನ್ ಮಾಡ್ಬುಟ್ಟೆ? ಡೊಂಕಾಗಿದ್ದಿದ್ದು ಕೋಲಲ್ಲಪ್ಪ, ನನ್ ಬೆನ್ನು. ಕೋಲು ಅದುಕ್ಕೆ ಸಮ್ನಾಗಿತ್ತು. ಈಗ ಬೆನ್ನುನ್ನೂ ಬೆಂಕೀಗ್ ಇಡಿತೀಯಾ?"

ಕೆಂಪಮ್ಮ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಕರಿಘಟ್ಟದ ಮೇಲೆಲ್ಲ ಅಲೆದು, ಅದೇ ಬಾಗಿನ, ಅದೇ ಗಂಟಿನ ಕೋಲೊಂದನ್ನು ಹುಡುಕಿ ತಂದುಕೊಟ್ಟೆ. ಅದನ್ನು ಅವರು ಒಪ್ಪಿಕೊಳ್ಳುವ ಹೊತ್ತಿಗೆ ಮಳೆಗಾಲ ಬಂತು. ಅಂದಿನಿಂದ ಯಾರ ಹಾಸಿಗೆ, ಯಾರ ಲೋಟ, ಯಾರ ಕೋಲನ್ನೂ ಕೇಳದೆ ಮುಟ್ಟಲಿಲ್ಲ.

ಕೆಲಸ ನಿಧಾನವಾಗಿ ಕೈಗೆ ಹತ್ತಿತು. ನಾವು ಶುರು ಮಾಡಿದಾಗ ಎಲ್ಲರನ್ನೂ ಒಟ್ಟಿಗೆ ಉಣ್ಣಿಸುತ್ತಿದ್ದೆವು, ಮಲಗಿದವರಿಗೆ ಮಲಗಿದಲ್ಲೇ ಅಂಬಲಿ ಹುಯ್ಯುತ್ತಿದ್ದೆವು. ನೆತ್ತಿಗೇರಿ ಒದ್ದಾಡುತ್ತಿದ್ದರು. ಬೆನ್ನಿಗೆ ಒರಗು ಕೊಟ್ಟು ಕೂರಿಸಿ, ಗಂಟಲು ಇಳಿಯುವುದನ್ನು ನೋಡಿಕೊಂಡು ಮುಂದಿನ ತುತ್ತು ಕೊಡುವುದನ್ನು ಆಮೇಲೆ ಕಲಿತೆವು. ಮಲಗಿ ಮಲಗಿ ಬೆನ್ನು ಹುಣ್ಣಾದವರಿಗೆ ಹುಲ್ಲಿನ ಹಾಸಿಗೆ ತೆಗೆದು ಬಾಳೆಲೆ ಹಾಸುವುದು ಕೆಂಪಮ್ಮನ ಯೋಚನೆ. ಹಗ್ಗದ ಮಂಚದ ನಡುವೆ ಕಂಡಿ ಬಿಟ್ಟು ಕೆಳಗೆ ಮಡಕೆ ಇಡುವುದು ನನ್ನದು. ಈಗ ನೀವು ಬಳಸುವ ಮಂಚ ಅದೇ. ಆ ಮಂಚ ಮಾಡಿದ ದಿನ ನನಗೆ ಮತ್ತೆ ಬಡಗಿಯಾದಷ್ಟು ಸಂತೋಷವಾಯಿತು. ಅಂದಿನಿಂದ ಮನೆಯಲ್ಲಿ ನನ್ನ ಹೆಸರೂ ಹೋಗಿ ಎಲ್ಲರಿಗೂ ನಾನು ಆಚಾರಿ ಆದೆ.

ಇನ್ನು ನಾಲಿಗೆಯ ವಿಚಾರ.

ದೇವಲಾಪುರದ ಲಕ್ಕವ್ವ ಎಂಬ ಮುದುಕಿ ಹಟ್ಟಿಯಲ್ಲಿದ್ದಳು. ಸಣ್ಣ ಮೈ, ಚುರುಕು ಕೈ. ಹುರುಳಿ ಕೊಟ್ಟರೆ ಕಲ್ಲು ಬಿಡದಂತೆ ಆರಿಸುತ್ತಿದ್ದಳು. ನೆನಪು ಮಾತ್ರ ನಿಲ್ಲುತ್ತಿರಲಿಲ್ಲ. ದಿನಾ ಬೆಳಿಗ್ಗೆ ಎದ್ದು ಹಟ್ಟಿಯ ಹೊಸಿಲಿಗೆ ಅರಿಸಿನ ಹಚ್ಚಿ ಕುಂಕುಮ ಇಟ್ಟು, ಬಾಗಿಲ ಬಲಮಗ್ಗುಲಿಗೆ ಕೂರುತ್ತಿದ್ದಳು. ಅದು ದೇವಲಾಪುರದ ತನ್ನ ಮನೆಯ ಬಾಗಿಲೆಂದೇ ಅವಳ ತಿಳುವಳಿಕೆ. ಆ ಬಾಗಿಲನ್ನು ಹಾಕಲು ಮಾತ್ರ ಬಿಡುತ್ತಿರಲಿಲ್ಲ. ಕದಕ್ಕೆ ಕೈ ಇಟ್ಟರೆ ಹುಲಿಯಾಗುತ್ತಿದ್ದಳು. ಚಳಿಯಲ್ಲೂ ಮಳೆಯಲ್ಲೂ ಅದು ತೆರೆದೇ ಇರುತ್ತಿತ್ತು, ಇರುಳು ಬಿದಿರಿನ ತಟ್ಟಿ ಅಡ್ಡ ಇಡುತ್ತಿದ್ದೆವು.

ನಾನು ಸೇರಿದ ಹೊಸತರಲ್ಲಿ ಒಂದು ಸಂಜೆ ಅಕ್ಕನ ಮನೆಗೆ ಹೊರಟವನು ಹೊಸಿಲು ದಾಟುವಾಗ ಅವಳಿಗೆ "ಬತ್ತೀನಿ ಕಣವ್ವ" ಎಂದೆ. ಇದರಲ್ಲಿ ವಿಶೇಷವೇನೂ ಇಲ್ಲ. ನಮ್ಮ ಸೀಮೆಯಲ್ಲಿ ಮನೆಯಿಂದ ಹೊರಡುವವರು ಯಾರೂ 'ಹೋಗುತ್ತೇನೆ' ಎನ್ನುವುದಿಲ್ಲ, ಅದು ಅಪಶಕುನ. ಎಷ್ಟು ದೂರ ಹೋಗುವವರಾದರೂ 'ಬತ್ತೀನಿ' ಎಂದೇ ಹೊರಡುತ್ತಾರೆ. ಮಾರನೆಯ ಬೆಳಿಗ್ಗೆ ಬಂದು ನೋಡಿದರೆ ಲಕ್ಕವ್ವ ಬಾಗಿಲಲ್ಲೇ ಒರಗಿದ್ದಾಳೆ, ಮೈ ತಣ್ಣಗಾಗಿದೆ, ಮುದ್ದೆ ಇಟ್ಟ ತಟ್ಟೆ ಇಟ್ಟಂತೆಯೇ ಇದೆ. ಕೆಂಪಮ್ಮ ಅವಳ ಅಂಗಾಲಿಗೆ ಎಣ್ಣೆ ಉಜ್ಜುತ್ತಿದ್ದಳು.

"ಯಾವನ್ಲಾ ಇವ್ಳಿಗೆ ಬತ್ತೀನಿ ಅಂದವ್ನು?"

"ನಾನೇ. ಎಲ್ರೂ ಅನ್ನದಲ್ವಾ?"

"ಎಲ್ರೂ ಎಲ್ಲಾರ ಅನ್ಕಳ್ಲಿ. ಈ ಮನೇಲಿ ಅನ್ನಂಗಿಲ್ಲ."

ಆಮೇಲೆ ವಿಷಯ ಹೇಳಿದಳು. ಲಕ್ಕವ್ವನಿಗೆ ಒಬ್ಬನೇ ಮಗ, ಬೋರ. ತೋಪು ಎಳೆಯುವ ಎತ್ತುಗಳನ್ನು ಹೊಡೆಯಲು ಅವನನ್ನು ದಂಡಿನವರು ಕರೆದುಕೊಂಡು ಹೋದರು. ಹೊರಡುವಾಗ ಹೊಸಿಲ ಮೇಲೆ ನಿಂತು "ಬತ್ತೀನಿ ಕಣವ್ವ" ಎಂದ. ಅವಳು ಇಬ್ಬರಿಗಾಗುವಷ್ಟು ಮುದ್ದೆ ತಿರುವಿ ಕೂತಳು. ಅವನು ಬರಲಿಲ್ಲ. ಲಡಾಯಿಯಲ್ಲಿ ಮನೆ ಸುಟ್ಟುಹೋಯಿತು, ಊರಿನವರು ಅವಳನ್ನು ಗಾಡಿಯಲ್ಲಿ ತಂದು ಹಟ್ಟಿಗೆ ಬಿಟ್ಟರು. ಈಗ ಅವಳಿಗೆ ಯಾರು ಆ ಮಾತು ಆಡಿದರೂ ಅವರು ಬರುವವರೆಗೆ ತುತ್ತು ಇಳಿಯುವುದಿಲ್ಲ.

ಇದು ಶೆಟ್ಟರ ಕಡೆಯ ಪಾರುಪತ್ಯಗಾರನ ಕಿವಿಗೂ ಬಿತ್ತು. ಹಟ್ಟಿಗೆ ದವಸ ಧಾನ್ಯ ತಂದು ಹಾಕಿ, ಉಸ್ತುವಾರಿ ನೋಡುವವನು ಅವನು. ಕೆಟ್ಟವನಲ್ಲ, ಎಲ್ಲದಕ್ಕೂ ಒಂದು ಇತ್ಯರ್ಥ ಆಗಬೇಕು ಎನ್ನುವ ಜಾತಿ. ಒಂದು ದಿನ ಲಕ್ಕವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತು, ಮೆತ್ತಗಿನ ದನಿಯಲ್ಲಿ, "ನಿಮ್ಮ ಮಗ ತೀರಿಹೋದ ಕಣಮ್ಮ. ಇನ್ನು ಕಾಯಬೇಡಿ" ಎಂದ. ಅವಳು ಎದೆ ಬಡಿದುಕೊಂಡು ಅತ್ತ ಅಳುವನ್ನು ನಾನು ಬರೆಯಲಾರೆ. ಅತ್ತು ಅತ್ತು ಮಲಗಿದಳು. ಬೆಳಿಗ್ಗೆ ಎದ್ದು ಹೊಸಿಲಿಗೆ ಅರಿಸಿನ ಹಚ್ಚಿ ಬಲಮಗ್ಗುಲಿಗೆ ಕೂತಳು. ಮರೆತಿದ್ದಳು. ಮತ್ತೆ ಹೇಳೋಣವೇ, ಒಂದೆರಡು ಸಲ ಹೇಳಿದರೆ ನಿಲ್ಲಬಹುದು ಎಂದ ಆತ. ಕೆಂಪಮ್ಮ ಮೊರ ಎತ್ತಿಕೊಂಡು ಎದ್ದಳು.

"ಇವ್ಳ ಮಗುನ್ನ ದಿನಾ ಬೆಳಿಗ್ಗೆ ಒಂದೊಂದ್ಸಲ ಸಾಯಿಸ್ತೀರಾ ಸ್ವಾಮಿ? ಓಗಿ, ಅಕ್ಕಿ ಮೂಟೆ ಎಣಿಸ್ಕಳ್ಳಿ."

ಅವನು ಎದ್ದು ಹೋದ. ನಾನು ಜಾಣತನ ಮಾಡಲು ಹೋಗಿ, "ನಾಳೆ ಬತ್ತಾನಂತೆ ಕಣವ್ವ" ಎಂದು ಒಮ್ಮೆ ಹೇಳಿ ನೋಡಿದೆ. ಆ ಇರುಳು ಅವಳು ಮಲಗಲೇ ಇಲ್ಲ. ಕೆಂಪಮ್ಮ ನನಗೂ ಮೊರ ತೋರಿಸಿದಳು. "ಸುಳ್ಳೂ ಬ್ಯಾಡ, ದಿಟುವೂ ಬ್ಯಾಡ. ಬೋರ ಎಂಗಿದ್ದ, ಏನ್ ಉಣ್ತಿದ್ದ ಅಂತ ಕೇಳು. ಅದು ಅವ್ಳಿಗೆ ಗೊತ್ತು, ಏಳ್ತಾಳೆ." ಕೇಳಿದೆ. ಬೋರನಿಗೆ ಅವರೆಕಾಳು ಎಂದರೆ ಪ್ರಾಣ, ಎತ್ತಿನ ಜೊತೆ ಮಾತಾಡುತ್ತಾನೆ, ನಿದ್ದೆಯಲ್ಲಿ ಹಲ್ಲು ಕಡಿಯುತ್ತಾನೆ ಎಂದು ಲಕ್ಕವ್ವ ಹೇಳುತ್ತಾ ಹೇಳುತ್ತಾ ಪೂರ್ತಿ ಮುದ್ದೆ ಉಂಡಳು.

ಹೊರಡುವಾಗ ಏನು ಹೇಳುವುದು ಎಂಬುದು ಮಾತ್ರ ತೊಡಕಾಗಿಯೇ ಉಳಿಯಿತು. 'ಬತ್ತೀನಿ' ಎನ್ನುವಂತಿಲ್ಲ. 'ಓಯ್ತೀನಿ' ಎಂದು ವಯಸ್ಸಾದವರ ಮುಂದೆ ಬಾಯಿ ಬಿಡುವಂತಿಲ್ಲ. ಹೇಳದೆ ಜಾರಿಕೊಂಡರೆ ಹುಡುಕಿಕೊಂಡು ಹೊಳೆಯ ಕಡೆ ನಡೆಯುತ್ತಾಳೆ. ಒಂದು ಸಂಜೆ ನನಗೇನು ತೋಚಿತೋ, ಸೊಂಟದಿಂದ ಮೊಳಗೋಲು ತೆಗೆದು ಅವಳ ಮಡಿಲಲ್ಲಿಟ್ಟು, "ಇದ ಮಡಿಕಂಡಿರವ್ವ" ಎಂದೆ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, "ಯಾರ್ದು?" ಎಂದಳು. "ಆಚಾರೀದು." ಸರಿ ಎಂದು ತಲೆಯಾಡಿಸಿದಳು. ನಾನು ಹೊಸಿಲು ದಾಟಿ ಹೋದದ್ದನ್ನು ಅವಳು ಗಮನಿಸಲೇ ಇಲ್ಲ, ಕೋಲು ಕಾಯುವ ಕೆಲಸದಲ್ಲಿದ್ದಳು.

ಅಂದಿನಿಂದ ಅದೇ ಪದ್ಧತಿಯಾಯಿತು. ನೀವು ಈಗ ಹೊರಡುವಾಗ ಹಟ್ಟಿಯವರ ಕೈಯಲ್ಲಿ ಒಂದು ಹೆಗಲ ಚೌಕವನ್ನೋ ಚೆಂಬನ್ನೋ ಕೊಟ್ಟು 'ನೋಡ್ಕಂಡಿರಿ' ಎನ್ನುತ್ತೀರಲ್ಲ, ಅದು ಹುಟ್ಟಿದ್ದು ಹಾಗೆ. ಬೆಳಿಗ್ಗೆ ನಾನು ಬಂದಾಗ ಲಕ್ಕವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದಳು. "ಯಾರಪ್ಪ ನೀನು?" "ಆಚಾರಿ ಕಣವ್ವ. ನನ್ ಮೊಳಗೋಲು." ಇನ್ನೂ ಸ್ವಲ್ಪ ನೋಡಿ ಕೊಡುತ್ತಿದ್ದಳು. ವರ್ಷಗಟ್ಟಲೆ ಅವಳಿಗೆ ಉಣ್ಣಿಸಿದೆ, ತಲೆ ಬಾಚಿದೆ, ಜ್ವರದಲ್ಲಿ ಹೊತ್ತುಕೊಂಡು ಓಡಾಡಿದೆ. ಒಂದು ಬೆಳಿಗ್ಗೆಯಾದರೂ ಗುರುತು ಹಿಡಿಯಲಿಲ್ಲ. ನನಗೆ ಬೇಜಾರಾಗುತ್ತಿತ್ತು, ಇಲ್ಲವೆಂದರೆ ಸುಳ್ಳಾದೀತು. ಈ ಕೆಲಸಕ್ಕೆ ಬರುವವರು ಆ ಬೇಜಾರಿಗೂ ಸಿದ್ಧವಾಗಿ ಬರಬೇಕು.

ಆಮೇಲೆ ಕೊನೆಯ ಲಡಾಯಿ ಬಂತು. ಬೇಸಿಗೆ. ದಂಡುಗಳು ಪಟ್ಟಣದತ್ತ ಇಳಿಯುತ್ತಿವೆ ಎಂಬ ಸುದ್ದಿ ಬಂದ ಹಿಂದೆಯೇ ಹೊಳೆ ದಂಡೆಯ ಹಳ್ಳಿಗಳು ಖಾಲಿಯಾಗತೊಡಗಿದವು. ಶೆಟ್ಟರು ಗಾಡಿ ಕಳಿಸಿ, ಮುದುಕರನ್ನು ನಾಗಮಂಗಲಕ್ಕೆ ಸಾಗಿಸಿ ಎಂದರು. ಹಿಂದಿನ ಲಡಾಯಿಯಲ್ಲಿ ನಾಗಮಂಗಲ ಹಾಳಾಗಿತ್ತು, ಖಾಲಿ ಮನೆಗಳು ಬೇಕಾದಷ್ಟು ಬಿದ್ದಿದ್ದವು. ಅಕ್ಕನೂ ನಮ್ಮ ಜೊತೆ ಹೊರಟಳು.

ಸಾಬರು ಬರಲಿಲ್ಲ. ಅಷ್ಟು ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು, ಗಾಡಿಯ ಕುಲುಕಾಟಕ್ಕೆ ಜೀವ ಉಳಿಯುತ್ತಿರಲಿಲ್ಲ. "ನಾನು ಸವಾರ. ಮುದುಕೀರ್ ಜತೆ ಗಾಡೀಲಿ ಓಡೋಗು ಅಂತೀರಾ?" ಎಂದು ನಗಾಡಿದರು. ಕೆಂಪಮ್ಮ, "ನಾನ್ ಇರ್ತೀನಿ ಇವ್ರ್ ತಾವ. ನೀವ್ ಒರ್ಡಿ" ಎಂದಳು. ನಾನು ಬೇಡವೆಂದೆ. ನನ್ನ ಮಾತು ಅವಳಿಗೆ ಯಾವ ಲೆಕ್ಕ?

ಎಲ್ಲರನ್ನೂ ಗಾಡಿಗೆ ಹತ್ತಿಸಿದೆವು. ಲಕ್ಕವ್ವ ಹೊಸಿಲ ಹತ್ತಿರದಿಂದ ಏಳಲಿಲ್ಲ. ಎತ್ತಿಕೊಂಡರೆ ಕಚ್ಚಿದಳು, ಕದದ ಕಂಬವನ್ನು ತಬ್ಬಿಕೊಂಡಳು. "ಮಗ ಬಂದ್ರೆ ಬಾಗ್ಲಲ್ಲಿ ಯಾರಿರ್ತಾರೆ? ಅವ್ನು ಎತ್ಲಾಗ್ ಓಗ್ಬೇಕು?" ಎಂದು ಕೂಗಿದಳು. ಗಾಡಿಯವನು ಕಟ್ಟಿ ಹಾಕಿ ಎಂದ. ಕಟ್ಟಿದರೆ ದಾರಿಯಲ್ಲೇ ಎದೆ ಒಡೆದು ಸಾಯುತ್ತಾಳೆ ಎಂದು ನನಗೆ ಗೊತ್ತಿತ್ತು. ಬಿಟ್ಟುಹೋದರೆ ದಂಡಿನ ಕಾಲ ಕೆಳಗೆ ಸಾಯುತ್ತಾಳೆ. ಅವಳು ತಬ್ಬಿಕೊಂಡಿದ್ದ ಕಂಬವನ್ನೇ ನೋಡುತ್ತಾ ನಿಂತೆ. ಆಗ ಹೊಳೆಯಿತು.

ಒಳಗೆ ಹೋಗಿ ಹಾರೆ ತಂದೆ. ಅಪ್ಪನ ಮಾತು ಕಿವಿಯಲ್ಲಿ ಗುಂಯ್ ಎಂದಿತು. ನಿಂತಿರುವ ಮನೆಯ ಹೊಸಿಲು ಕೀಳುವುದು! ಹೆಬ್ಬೆರಳು ಆಗಲೇ ಹೋಗಿದೆ, ಇನ್ನೇನು ಹೋಗುತ್ತದೆ ಎಂದುಕೊಂಡು ಗೋಡೆಗೆ ಹಾರೆ ಇಟ್ಟೆ. ಲಕ್ಕವ್ವ ಕೂಗುವುದನ್ನು ನಿಲ್ಲಿಸಿ ನೋಡತೊಡಗಿದಳು.

"ಏನ್ ಮಾಡ್ತಿದ್ದೀಯಪ್ಪ?"

"ಬಾಗ್ಲ ಗಾಡೀಗ್ ಏರ್ಸ್ತಾ ಇವ್ನಿ ಕಣವ್ವ. ಬಾಗ್ಲು ಎಲ್ಲೋ ನೀನೂ ಅಲ್ಲೆ. ಬೋರ ಬಂದ್ರೆ ಬಾಗ್ಲಿಗೆ ತಾನೆ ಬರದು?"

ಅವಳು ಯೋಚಿಸಿದಳು. "ಅದ್ಸರಿ" ಎಂದಳು.

ಹೊಸಿಲು, ಎರಡು ಕಂಬ, ಮೇಲಿನ ಪಟ್ಟಿ, ಎರಡು ಕದ, ಎಲ್ಲವನ್ನೂ ಕಟ್ಟಿ ಗಾಡಿಗೆ ಹಾಕಿದೆವು. ಕೆಂಪಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡು ನೋಡಿದಳು, ಬೈಯಲಿಲ್ಲ. ಲಕ್ಕವ್ವ ತಾನಾಗಿ ಗಾಡಿ ಹತ್ತಿ ಹೊಸಿಲ ಪಕ್ಕದಲ್ಲಿ, ಬಲಮಗ್ಗುಲಿಗೇ ಕೂತಳು. ಅವಳ ಕೈ ಸುಮ್ಮನಿರಲಿ ಎಂದು ಮೊಳಗೋಲು ಕೊಟ್ಟೆ. ಹಿರೋಡೆ ಊರು ದಾಟುವವರೆಗೂ ದಾರಿಯಲ್ಲಿ ಕಂಡವರೆಲ್ಲ, ಮನೆ ಬಿಟ್ಟು ಬಾಗಿಲು ಹೊತ್ತುಕೊಂಡು ಹೋಗುವ ನಮ್ಮನ್ನು ನೋಡಿ ಆ ಸಂಕಟದಲ್ಲೂ ನಕ್ಕರು.

ನಾಗಮಂಗಲದಲ್ಲಿ ನಮಗೆ ಸಿಕ್ಕ ಮನೆಗೆ ಗೋಡೆ ಇತ್ತು, ಸೂರು ಇತ್ತು, ಬಾಗಿಲು ಇರಲಿಲ್ಲ. ಹಿಂದೆ ಬಂದ ದಂಡಿನವರು ಊರ ಬಾಗಿಲುಗಳನ್ನೆಲ್ಲ ಕಿತ್ತು ಒಲೆಗೆ ಹಾಕಿದ್ದರಂತೆ. ಸಂಜೆಯಾಗುತ್ತಿತ್ತು. ಬಾಗಿಲು ನಿಲ್ಲಿಸದೆ ಲಕ್ಕವ್ವ ಗಾಡಿಯಿಂದ ಇಳಿಯುವವಳಲ್ಲ. ಅಳತೆ ತೆಗೆಯೋಣವೆಂದು ಮೊಳಗೋಲಿಗೆ ಕೈ ಚಾಚಿದೆ. ಅವಳು ಹಿಂದಕ್ಕೆ ಎಳೆದುಕೊಂಡಳು.

"ಇದು ಆಚಾರೀದು."

"ನಾನೇ ಆಚಾರಿ ಕಣವ್ವ."

"ನೀನ್ಯಾರೋ ಏನೋ. ಆಚಾರಿ ಬೆಳಿಗ್ಗೆ ಬತ್ತಾನೆ, ಅವ್ನಿಗೇ ಕೊಡದು."

ಅಕ್ಕ ನಕ್ಕುನಕ್ಕು ಕಣ್ಣೀರು ಒರೆಸಿಕೊಂಡಳು. ನಾನು ಕಣ್ಣಂದಾಜಿನಲ್ಲೇ ಬಾಗಿಲುವಾಡ ನಿಲ್ಲಿಸಿ, ಸಂದಿಗೆ ಕಲ್ಲು ಮಣ್ಣು ಮೆತ್ತಿ, ಕದಗಳನ್ನು ಸಿಕ್ಕಿಸಿದೆ. ಲಕ್ಕವ್ವ ಇಳಿದು ಬಂದು ಹೊಸಿಲನ್ನು ಸವರಿ ನೋಡಿ ಕೂತಳು.

ದೂರದ ತೋಪಿನ ಸದ್ದು ಗಾಳಿ ತಿರುಗಿದಾಗ ನಾಗಮಂಗಲಕ್ಕೂ ಬರುತ್ತಿತ್ತು. ಒಂದು ದಿನ ನಿಂತಿತು. ಪಟ್ಟಣ ಹೋಯಿತು, ಸುಲ್ತಾನರೂ ಹೋದರು ಎಂದು ಓಡಿಬಂದವರು ಹೇಳಿದರು. ನನಗೆ ಕೆಂಪಮ್ಮನದೇ ಚಿಂತೆ. ಅವಳನ್ನೂ ಸಾಬರನ್ನೂ ಕರೆತರುತ್ತೇನೆ ಎಂದು ಅಕ್ಕನಿಗೆ ಹೇಳಿ ಬುತ್ತಿ ಕಟ್ಟಿಸಿಕೊಂಡೆ. ದಾರಿಯುದ್ದಕ್ಕೂ ಸುಲಿಗೆಯವರು, ಸೋತ ದಂಡಿನವರು, ಗೆದ್ದ ದಂಡಿನವರು. ಹೊರಟವರಲ್ಲಿ ತಿರುಗಿ ಬಂದವರು ಕಡಿಮೆ.

ಹೊಸಿಲ ಹತ್ತಿರ ಲಕ್ಕವ್ವನ ಮಡಿಲಲ್ಲಿ ಎಂದಿನಂತೆ ಮೊಳಗೋಲು ಇಟ್ಟೆ. ಅವಳು ನನ್ನ ಬುತ್ತಿ ಗಂಟು ನೋಡಿದಳು. "ದೂರವಾ?" ಎಂದಳು. "ಹೂಂ" ಎಂದೆ. ಅಷ್ಟಕ್ಕೆ ದಾಟಿ ಹೋಗಿದ್ದರೆ ಸರಿಯಿತ್ತು. ನನಗೆ ಭಯವಾಗಿತ್ತು. ಯಾರಿಗಾದರೂ ಆ ಮಾತು ಹೇಳದೆ ಹೊಸಿಲು ದಾಟಲು ನನ್ನಿಂದ ಆಗಲಿಲ್ಲ.

"ಬತ್ತೀನಿ ಕಣವ್ವ" ಎಂದುಬಿಟ್ಟೆ.

ಒಳಗಿನಿಂದ ಅಕ್ಕ "ಅಯ್ಯೋ!" ಎಂದದ್ದು ಕೇಳಿಸಿತು. ಲಕ್ಕವ್ವ ನೆಟ್ಟಗೆ ಕೂತಳು.

ಹಿರೋಡೆಯ ಹತ್ತಿರ ಗೆದ್ದ ದಂಡಿನವರ ಒಂದು ಗುಂಪು ಗಂಡಸರನ್ನು ಹಿಡಿದು ಬಿಟ್ಟಿ ಕೆಲಸಕ್ಕೆ ಹಚ್ಚುತ್ತಿತ್ತು. ಏನು ಕಸುಬು ಎಂದು ದುಭಾಷಿ ಕೇಳಿದ. ಮುದುಕರನ್ನು ನೋಡಿಕೊಳ್ಳುತ್ತೇನೆ ಎಂದಿದ್ದರೆ ಆ ಕ್ಷಣವೇ ಬಿಡುತ್ತಿದ್ದರು. ಹಾಳು ಜಂಬ, "ಬಡಗಿ" ಎಂದೆ. ಮುರಿದ ಗಾಲಿಗಳ ರಾಶಿಯ ಮುಂದೆ ಕೂರಿಸಿದರು. ನನ್ನ ಕೈ ನೋಡಿ ಒಬ್ಬ ನಕ್ಕ, ಆದರೂ ಬಿಡಲಿಲ್ಲ, ಬೇರೆಯವರಿಗೆ ಹೇಳಿಕೊಟ್ಟು ಮಾಡಿಸು ಎಂದರು. ಗಾಲಿಗಳು ಮುಗಿಯುವವರೆಗೆ ದಿನಗಳು ಕಳೆದವು. ಒಂದೊಂದು ತುತ್ತು ಬಾಯಿಗಿಡುವಾಗಲೂ ಅವಳ ತಟ್ಟೆಯಲ್ಲಿ ಆರುತ್ತಿರುವ ಮುದ್ದೆ ಕಣ್ಣಿಗೆ ಬರುತ್ತಿತ್ತು. ನನ್ನನ್ನು ನಾನೇ ಬೈದುಕೊಂಡೆ, ಕಣ್ಣೀರೂ ಹಾಕಿದೆ.

ಕೊನೆಗೆ ಬಿಟ್ಟರು. ಕರಿಘಟ್ಟದ ಬುಡಕ್ಕೆ ಹೋದರೆ ಹಟ್ಟಿ ನಿಂತಿತ್ತು. ನಾನು ಬಾಗಿಲು ಕಿತ್ತ ಜಾಗಕ್ಕೆ ಒಂದು ಕಂಬಳಿ ಕಟ್ಟಿತ್ತು. ಕಂಬಳಿ ಸರಿಸಿದರೆ ಕೆಂಪಮ್ಮ ಒಬ್ಬಳೇ ಕೂತಿದ್ದಳು, ಪಕ್ಕದಲ್ಲಿ ಸಾಬರ ಡೊಂಕು ಕೋಲು. ಪಟ್ಟಣ ಬಿದ್ದ ಸುದ್ದಿ ಕೇಳಿದ ಮೇಲೆ ಅವರು ನೀರನ್ನೂ ಮುಟ್ಟಲಿಲ್ಲವಂತೆ. ಹತ್ತಿರದ ಹಳ್ಳಿಯ ಅವರ ಜನವನ್ನು ಕರೆತಂದು ಮಣ್ಣು ಮಾಡಿಸಿದ್ದಳು. ನನ್ನನ್ನು ನೋಡಿ ಕಣ್ಣೊರೆಸಿಕೊಂಡಳು, ಆಮೇಲೆ ಹಳೆಯ ಕೆಂಪಮ್ಮನಾದಳು.

"ಬಾಗ್ಲ ಕಿತ್ಕಂಡ್ ಓಗ್ಬುಟ್ಟೆ, ನಾಯಿ ನರಿ ಎಲ್ಲಾನೂ ಒಳಕ್ ಬಂದ್ವಲ್ಲಲಾ! ಲಕ್ಕವ್ವ ಉಣ್ತಾವ್ಳಾ?"

"ಅವ್ಳಿಗೆ ಬತ್ತೀನಿ ಅಂದ್ಬುಟ್ಟಿವ್ನಿ."

ಕೆಂಪಮ್ಮ ನನ್ನ ಮುಖವನ್ನೇ ನೋಡಿದಳು. ಬೈಗುಳಕ್ಕೆ ಕಾದೆ. ಅವಳು ಎದ್ದು ಕೋಲು ತೆಗೆದುಕೊಂಡು, "ಯಾಕ್ ನಿಂತಿದ್ದೀಯ? ನಡಿ ಮತ್ತೆ" ಎಂದಳು. ದಾರಿಯಲ್ಲಿ ಎಲ್ಲಿಯೂ ಕೂರಗೊಡಲಿಲ್ಲ.

ನಾಗಮಂಗಲ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ದೂರದಿಂದಲೇ ನೋಡಿದೆ, ಬಾಗಿಲು ತೆರೆದಿದೆ, ಬಲಮಗ್ಗುಲಲ್ಲಿ ಒಂದು ಸಣ್ಣ ಗುಡ್ಡೆಯಂತೆ ಏನೋ ಇದೆ. ಓಡಿದೆ. ಲಕ್ಕವ್ವ ಇದ್ದಳು. ಕೆನ್ನೆ ಒಳಗೆ ಹೋಗಿತ್ತು, ತುಟಿ ಒಡೆದಿತ್ತು. ಬರೀ ನೀರು ಮಜ್ಜಿಗೆಯಲ್ಲಿ ಜೀವ ಹಿಡಿಸಿದ್ದೇನೆ, ಅದನ್ನೂ ಗದರಿಸಿ ಕುಡಿಸಬೇಕು ಎಂದು ಅಕ್ಕ ಅಳುತ್ತಾ ಬಂದಳು. ನಾನು ಲಕ್ಕವ್ವನ ಮುಂದೆ ಕೂತೆ. ಅವಳು ಎಂದಿನಂತೆ ಅಡಿಯಿಂದ ಮುಡಿಯವರೆಗೆ ನೋಡಿದಳು. 'ಯಾರಪ್ಪ ನೀನು' ಎನ್ನುತ್ತಾಳೆ, 'ಆಚಾರಿ ಕಣವ್ವ' ಎನ್ನಬೇಕು ಎಂದು ಬಾಯಿ ತೆರೆದೆ.

"ಬಂದ್ಯಾ?" ಎಂದಳು.

"ಬಂದೆ ಕಣವ್ವ."

"ಹೂಂ." ಗೋಡೆ ಹಿಡಿದು ಎದ್ದಳು, ನಾನು ತೋಳು ಕೊಟ್ಟೆ. ಒಳಗೆ ಕಾಲಿಟ್ಟು ತಿರುಗಿ ನೋಡದೆ ಹೇಳಿದಳು: "ಬಾಗ್ಲಾಕು. ಗಾಳಿ ಬತ್ತದೆ."

ನಾವು ಮೂವರೂ ನಿಂತಲ್ಲೇ ನಿಂತೆವು. ಕೆಂಪಮ್ಮ ಕಣ್ಣಲ್ಲೇ ಹಾಕು ಎಂದಳು. ನಾನು ಕದ ಎಳೆದೆ. ಅದು ಅರ್ಧಕ್ಕೆ ಬಂದು ಕಚ್ಚಿಕೊಂಡಿತು. ನಾನೇ ಕೂರಿಸಿದ ಬಾಗಿಲು, ಮುಚ್ಚುತ್ತದೆಯೋ ಇಲ್ಲವೋ ಎಂದು ನಾನೇ ನೋಡಿರಲಿಲ್ಲ. ಹೆಗಲು ಕೊಟ್ಟು ತಳ್ಳಿದೆ, ಕಾಲು ಕೊಟ್ಟು ಒದ್ದೆ, ಜಪ್ಪಯ್ಯ ಎನ್ನಲಿಲ್ಲ. ಲಕ್ಕವ್ವ ಹಿಂದಿರುಗಿ ನೋಡಿ, ಸೆರಗಿನೊಳಗಿಂದ ಮೊಳಗೋಲು ತೆಗೆದು ನನ್ನತ್ತ ಚಾಚಿದಳು.

"ಅಳ್ತೆ ತಗೀದೆ ಕೂರ್ಸಿದ್ಯಾ, ಆಚಾರಿ?"